ಡಾಗಿ ದಾಳಿಂಬೆಯ ರಸದಲ್ಲೊಂದು ಹಾಳೆ: ಸೊಲ್ಲಾಪುರ, ಅಕ್ಕಲಕೋಟದ ವಿಜ್ಞಾನ ವಿದ್ಯಾರ್ಥಿಗಳಿಗೆ ಬಹಿರಂಗ ಪತ್ರ



ನಾಗಣಸೂರು, ತಡವಳ, ಮೈಂದರ್ಗಿ, ದುಧನಿ, ಕರಜಗಿ, ಹೀಗೆ ಭೀಮೆಯ ಆಚೆ ದಂಡೆಯ ಕನ್ನಡ ಊರುಗಳಿಂದ ಬಂದು ಸೊಲ್ಲಾಪುರದಲ್ಲೋ ಅಕ್ಕಲಕೋಟದಲ್ಲೋ ಬಿ.ಎಸ್ಸಿ. ಓದುತ್ತಿರುವ ನಿಮಗೆ ಈ ಪತ್ರ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತಿರಿ. ಆಮೇಲೆ ಪುಸ್ತಕ ಇಂಗ್ಲಿಷಿನದು, ಕಾಲೇಜಿನ ಅಂಗಳದ ಮಾತು ಮರಾಠಿಯದು, ಊರಿಗೆ ಫೋನು ಹಚ್ಚಿದಾಗ ಮತ್ತೆ ಕನ್ನಡ. ನಿಮ್ಮಲ್ಲಿ ಬಹಳ ಮಂದಿಯ ಮನೆಯಲ್ಲಿ ಒಂದೆರಡು ಎಕರೆ ದಾಳಿಂಬೆ ಬಾಗ್ ಇದೆ, ಇಲ್ಲವೇ ದ್ರಾಕ್ಷಿ ಪಡ ಇದೆ. ಸೂಕ್ಷ್ಮಜೀವಿಶಾಸ್ತ್ರದ ಪ್ರಯೋಗಾಲಯವೂ ಹಣ್ಣಿನ ಬಾಗೂ ಒಬ್ಬರದೇ ಕೈಗೆ ಎಟಕುವುದು ಅಪರೂಪ. ನಿಮಗೆ ಅದು ಎಟಕಿದೆ. ಅದಕ್ಕೇ ಈ ಮಾತನ್ನು ವಿಜ್ಞಾನಿಗಳಿಗಾಗಲಿ ಸರ್ಕಾರಕ್ಕಾಗಲಿ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ಕೊನೆಯ ವರ್ಷದಲ್ಲಿ ನೀವೊಂದು ಪ್ರಾಜೆಕ್ಟ್ ಮಾಡಬೇಕಾಗುತ್ತದೆ. ಅದನ್ನು ಮಾರುಕಟ್ಟೆಯಲ್ಲಿ ಬೆಲೆ ಸಿಗದ ದಾಳಿಂಬೆಯ ಮೇಲೆ ಮಾಡಿ. ಆ ಹಣ್ಣಿನ ರಸದಲ್ಲಿ ಒಂದು ಬ್ಯಾಕ್ಟೀರಿಯಾ ಬೆಳೆಸಿ, ಅದರಿಂದ ಸೆಲ್ಯುಲೋಸ್ ಹಾಳೆ ತೆಗೆಯಿರಿ. ನಾನು ಕೇಳುವುದು ಇಷ್ಟೇ. ಏಕೆ, ಹೇಗೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಮೊದಲು ಹಣ್ಣಿನ ಮಾತು. ಸೊಲ್ಲಾಪುರದ ದಾಳಿಂಬೆಗೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವನ್ನು 2005ರಲ್ಲಿ ಇದೇ ಊರಿನ ಕೇಗಾವದಲ್ಲಿ ತೆರೆದರು. ಪುಣೆಯ ಬಸ್ಸು ಹತ್ತಿದವರೆಲ್ಲ ಅದರ ಮುಂದಿನಿಂದಲೇ ಹೋಗುತ್ತಾರೆ. ಸಾಂಗೋಲೆಯ ಕಡೆ ಬರಗಾಲದ ಭೂಮಿಯಲ್ಲಿ ಮನೆಗಳು ಎದ್ದದ್ದು, ಮಕ್ಕಳು ಓದಿದ್ದು ಈ ಹಣ್ಣಿನ ದುಡ್ಡಿನಿಂದ. ಅದೇ ಹಣ್ಣು ಎಷ್ಟು ಮನೆಗಳನ್ನು ಸಾಲಕ್ಕೆ ತಳ್ಳಿದೆ ಎಂಬುದೂ ನಿಮಗೆ ಗೊತ್ತು. ತೇಲ್ಯಾ ಬಿದ್ದ ವರ್ಷ ಬಾಗಿನ ಕಡೆ ಹೋಗಲು ಅಪ್ಪನಿಗೆ ಮನಸ್ಸೇ ಬರುವುದಿಲ್ಲ.

ತೇಲ್ಯಾ ಎಂದರೆ ಬ್ಯಾಕ್ಟೀರಿಯಾದ ಅಂಗಮಾರಿ. ಕ್ಸಾಂಥೋಮೊನಾಸ್ ಎಂಬ ಜೀವಿ ಎಲೆಗೂ ಕಾಯಿಗೂ ಎಣ್ಣೆ ಹಚ್ಚಿದಂಥ ಕಲೆ ಬರಿಸುತ್ತದೆ, ಕಲೆ ಕಪ್ಪಾಗುತ್ತದೆ, ಕೊನೆಗೆ ಸಿಪ್ಪೆ ಸೀಳುತ್ತದೆ. ಮಳೆಗಾಲದ ತೇವದಲ್ಲಿ ಕಾಯಿ ಕಟ್ಟುವ ಮೃಗ ಬಹಾರ ಎಂಬ ಹಂಗಾಮಿನ ಬೆಳೆಗೆ ಇದರ ಕಾಟ ಎಲ್ಲಕ್ಕಿಂತ ಹೆಚ್ಚು. ಭೀಮೆಯ ಈಚೆಗೆ ವಿಜಯಪುರ, ಬಾಗಲಕೋಟೆ, ಕೊಪ್ಪಳದಲ್ಲೂ ಬಾಗುಗಳನ್ನು ಬೇರುಸಹಿತ ಕಿತ್ತ ವರ್ಷಗಳಿವೆ. ಇದರ ಮೇಲೆ ಬಿಸಿಲಿಗೆ ಸುಟ್ಟ ಹಣ್ಣು, ನೀರು ಹೆಚ್ಚುಕಡಿಮೆಯಾಗಿ ಬಿರಿದ ಹಣ್ಣು, ಗಾತ್ರ ಬಾರದ ಹಣ್ಣು. ಅಡತಿಯಲ್ಲಿ ಇವೆಲ್ಲ ಡಾಗಿ ಮಾಲು. ಕ್ರೇಟ್ ಸುರುವಿ, ಆರಿಸಿ, ಪಕ್ಕಕ್ಕೆ ತಳ್ಳಿದ ಆ ರಾಶಿಗೆ ಸಿಗುವ ದರದಲ್ಲಿ ಸಾಗಣೆಯ ಖರ್ಚೂ ಹೊರಡುವುದಿಲ್ಲ ಎಂದು ರೈತರು ಬಾಗಿನಲ್ಲೇ ಗುಂಡಿ ತೋಡಿ ಹುಗಿಯುತ್ತಾರೆ.

ಆದರೆ ಆ ಹಣ್ಣನ್ನು ಒಡೆದು ನೋಡಿ. ಸಿಪ್ಪೆಯ ಮೇಲೆ ಎಷ್ಟು ಕಲೆ ಇದ್ದರೂ, ಬಿರುಕು ಒಳಗಿನವರೆಗೆ ಇಳಿಯದಿದ್ದರೆ ಕಾಳು ಕೆಂಪಗೆ, ಗಟ್ಟಿಯಾಗಿಯೇ ಇರುತ್ತದೆ. ಭಗವಾ ತಳಿಯ ಮಾಗಿದ ಹಣ್ಣಿನ ರಸದಲ್ಲಿ ಸುಮಾರು 15 ಬ್ರಿಕ್ಸ್ ಸಕ್ಕರೆ ಇರುತ್ತದೆ. ಗಿರಾಕಿ ಬೇಡ ಎಂದದ್ದು ಸಿಪ್ಪೆಯನ್ನು, ಮಣ್ಣುಪಾಲಾಗುತ್ತಿರುವುದು ಸಕ್ಕರೆ. ಸಕ್ಕರೆ ಇದ್ದಲ್ಲಿ ಬ್ಯಾಕ್ಟೀರಿಯಾಕ್ಕೆ ಕೆಲಸ ಇದೆ.

ಇನ್ನು ಆ ಕೆಲಸದ ಮಾತು. 1886ರಲ್ಲಿ ಇಂಗ್ಲೆಂಡಿನ ಬರ್ಟನ್ ಎಂಬ ಬಿಯರ್ ತಯಾರಿಕೆಯ ಊರಿನಲ್ಲಿ ಏಡ್ರಿಯನ್ ಬ್ರೌನ್ ಎಂಬ ರಸಾಯನಜ್ಞರು ವಿನೆಗರ್ ಮೇಲೆ ಕಟ್ಟುವ ಗಟ್ಟಿ ಕೆನೆಯನ್ನು ಪರೀಕ್ಷಿಸಿದರು. ಅದು ಸೆಲ್ಯುಲೋಸ್ ಎಂದೂ, ಅದನ್ನು ನೇಯುತ್ತಿರುವುದು ಒಂದು ಬ್ಯಾಕ್ಟೀರಿಯಾ ಎಂದೂ ತೋರಿಸಿದರು. ಹತ್ತಿಯ ಎಳೆ ಯಾವುದರಿಂದ ಆಗಿದೆಯೋ ಅದೇ ವಸ್ತು ಇದು. ಹತ್ತಿ ಗಿಡಕ್ಕೆ ಭೂಮಿ ಬೇಕು, ಬಿಸಿಲು ಬೇಕು, ಐದಾರು ತಿಂಗಳು ಬೇಕು. ಈ ಜೀವಿಗೆ ಸಕ್ಕರೆನೀರು, ಗಾಳಿ ಮತ್ತು ಹತ್ತು ದಿನಗಳ ಬಿಡುವು ಸಾಕು. ಅದು ಗ್ಲುಕೋಸನ್ನು ಒಂದಕ್ಕೊಂದು ಪೋಣಿಸಿ ತನ್ನ ಮೈಯ ಉದ್ದಕ್ಕೂ ಇರುವ ಸಾಲುರಂಧ್ರಗಳಿಂದ ಹೊರಕ್ಕೆ ಬಿಡುತ್ತದೆ. ಆ ಎಳೆಗಳು ಕೂಡಿ ಪಟ್ಟಿಯಾಗುತ್ತವೆ, ಪಟ್ಟಿಗಳು ಒಂದರೊಳಗೊಂದು ಹೆಣೆದುಕೊಂಡು ದ್ರವದ ಮೇಲ್ಮೈಯಲ್ಲಿ ತೇಲುವ ಪೊರೆಯಾಗುತ್ತವೆ. ಗಾಳಿಯಿಲ್ಲದೆ ಬದುಕದ ಜೀವಿ ತನಗಾಗಿ ಕಟ್ಟಿಕೊಳ್ಳುವ ತೆಪ್ಪ ಅದು. ಒಂದೊಂದು ಪಟ್ಟಿಯ ಅಗಲ ನೂರು ನ್ಯಾನೋಮೀಟರಿಗಿಂತ ಕಡಿಮೆ. ಮರದ ನಾರಿನಲ್ಲಿ ಸೆಲ್ಯುಲೋಸಿನ ಜೊತೆ ಲಿಗ್ನಿನ್ ಮುಂತಾದವು ಬೆರೆತಿರುವುದರಿಂದ ಕಾಗದದ ಗಿರಣಿಯವರು ಅವುಗಳನ್ನು ಬಿಡಿಸಲು ರಾಸಾಯನಿಕ ಸುರಿಯಬೇಕು. ಇಲ್ಲಿ ಆ ಬೆರಕೆಯೇ ಇಲ್ಲ.

ಹಳೆಯ ಪುಸ್ತಕಗಳಲ್ಲಿ ಈ ಜೀವಿ ಅಸಿಟೋಬ್ಯಾಕ್ಟರ್ ಕ್ಸೈಲೈನಮ್. ನಡುವೆ ಗ್ಲುಕೋನಾಸಿಟೋಬ್ಯಾಕ್ಟರ್ ಆಯಿತು. ಈಗ ಕೊಮಗಾಟೈಬ್ಯಾಕ್ಟರ್. ಗ್ರಂಥಾಲಯದಲ್ಲಿ ಹುಡುಕುವಾಗ ಮೂರೂ ಹೆಸರು ಹಾಕಿ ನೋಡಿ, ಇಲ್ಲವಾದರೆ ಅರ್ಧ ಸಾಹಿತ್ಯ ಕಣ್ಣಿಗೇ ಬೀಳುವುದಿಲ್ಲ.

ಇದನ್ನು ಹಣ್ಣಿನ ಉಳಿಕೆಯಿಂದ ಬೆಳೆಸಿ ಬದುಕಿದವರು ಫಿಲಿಪೀನ್ಸಿನವರು. ಅನಾನಸಿನ ಸಿಪ್ಪೆ, ತಿರುಳುಗಳ ರಸದಲ್ಲಿ ಈ ಪೊರೆ ಬೆಳೆಸಿ, ಬೇಯಿಸಿ, ಸಕ್ಕರೆ ಪಾಕದಲ್ಲಿ ತಿನ್ನುವುದು ಅವರಲ್ಲಿ ಹಳೆಯ ರೂಢಿ. 1949ರಲ್ಲಿ ತೆಯೋದುಲಾ ಕಲಾವ್ ಆಫ್ರಿಕಾ ಎಂಬ ಮಹಿಳೆ ಅನಾನಸಿನ ಬದಲು ತೆಂಗಿನ ನೀರು ಬಳಸಿದರು. ಅದೇ ಇಂದು ಜಗತ್ತಿಗೆಲ್ಲ ರಫ್ತಾಗುವ ನಾಟಾ ದೆ ಕೊಕೊ. ಅದರ ಎಷ್ಟೋ ಕೆಲಸ ನಡೆಯುವುದು ಪ್ಲಾಸ್ಟಿಕ್ ತಟ್ಟೆಗಳಲ್ಲಿ, ಮೇಲೆ ಕಾಗದ ಹೊದಿಸಿ, ಮನೆಯ ಹಿಂಬದಿಯ ಕೋಣೆಗಳಲ್ಲಿ. 1980ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಇದೇ ಪೊರೆಯನ್ನು ಸುಟ್ಟಗಾಯಕ್ಕೆ ಹೊದಿಸುವ ಪಟ್ಟಿಯಾಗಿ ಮಾರುಕಟ್ಟೆಗೆ ತಂದರು. ಜಪಾನಿನ ಸೋನಿ ಕಂಪನಿ 1989ರ ತನ್ನ ಬಲು ದುಬಾರಿ ಹೆಡ್‌ಫೋನಿನಲ್ಲಿ ಧ್ವನಿ ಹೊರಡಿಸುವ ತೆಳು ಪರದೆಗೆ ಈ ಸೆಲ್ಯುಲೋಸನ್ನೇ ಹಾಕಿತು. ಹಗುರ, ಆದರೆ ಬಿರುಸು ಎಂಬುದು ಅದಕ್ಕಿದ್ದ ಕಾರಣ. ನಮ್ಮ ಪಕ್ಕದ ಕೇರಳದಲ್ಲಿ ಮಲಾಯಿ ಎಂಬ ಸಂಸ್ಥೆ ತೆಂಗಿನ ಕಾರ್ಖಾನೆಗಳು ಚೆಲ್ಲುವ ನೀರಿನಲ್ಲಿ ಈ ಪೊರೆ ಬೆಳೆಸಿ, ಬಾಳೆದಿಂಡಿನಂಥ ನಾರು ಸೇರಿಸಿ, ಚರ್ಮದ ಬದಲಿಗೆ ಬಳಸಬಹುದಾದ ಹಾಳೆ ಮಾಡುತ್ತಿದೆ. ಚೀಲ, ಚಪ್ಪಲಿ, ಪಾಕೀಟುಗಳಿಗೆ ಅದು ಒದಗುತ್ತದೆ.

ನಮ್ಮವರೂ ಇದರಲ್ಲಿ ಕೈ ಆಡಿಸಿದ್ದಾರೆ. ಇದನ್ನು ನೀವು ತಿಳಿಯಲೇಬೇಕು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದವರು ಆಮ್ಲತೆ, ಸಕ್ಕರೆ ಮತ್ತು ಅಮೋನಿಯಂ ಸಲ್ಫೇಟ್ ಈ ಪೊರೆಯ ದಪ್ಪವನ್ನು ಹೇಗೆ ಹೆಚ್ಚುಕಡಿಮೆ ಮಾಡುತ್ತವೆ ಎಂದು ಅಳೆದು 2008ರಲ್ಲಿ ಪ್ರಕಟಿಸಿದರು. ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಈಗ ಅದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ, ಪ್ರಾಧ್ಯಾಪಕ ಬಸವರಾಜ ಹುನಗುಂದ ಮತ್ತು ಸಂಗಡಿಗರು ಕೊಳೆತ ಸೇಬುಹಣ್ಣಿನಿಂದಲೇ ಸೆಲ್ಯುಲೋಸ್ ನೇಯುವ ಬ್ಯಾಕ್ಟೀರಿಯಾ ಹಿಡಿದು 2010ರಲ್ಲಿ ವರದಿ ಮಾಡಿದರು. 2013ರಲ್ಲಿ ಅವರ ತಂಡ ಬ್ಯಾಕ್ಟೀರಿಯಾಕ್ಕೆ ಅಗ್ಗದ ಆಹಾರ ಹುಡುಕುತ್ತ ಅನಾನಸು, ಕರಬೂಜ, ಕಲ್ಲಂಗಡಿ, ಟೊಮೆಟೊ, ಕಿತ್ತಳೆ, ಕಬ್ಬಿನ ರಸ, ಕಾಕಂಬಿ, ತೆಂಗಿನ ನೀರುಗಳ ಜೊತೆ ದಾಳಿಂಬೆ ರಸವನ್ನೂ ಪರೀಕ್ಷೆಗೆ ಹಚ್ಚಿತು. ಅಂದರೆ ನಾನು ಹೇಳುತ್ತಿರುವುದು ಕನಸಿನ ಮಾತಲ್ಲ. ನಿಮ್ಮ ಸೊಲ್ಲಾಪುರದಿಂದ ಒಂದೇ ರೈಲಿನ ದೂರದಲ್ಲಿ, ಕಾಲೇಜಿನ ಪ್ರಯೋಗಾಲಯದಲ್ಲೇ ಮಾಡಿದ ಕೆಲಸ.

ಅದಾದರೂ ಮುಂದೆ ಹೋಗಲಿಲ್ಲ ಏಕೆ? ನನಗೆ ಕಾಣುವ ಕಾರಣ ಒಂದೇ. ಪ್ರಯೋಗಾಲಯಕ್ಕೆ ಬರುವ ಹಣ್ಣು ಅಂಗಡಿಯಿಂದ ಬರುತ್ತದೆ, ಬಾಗಿನಿಂದ ಬರುವುದಿಲ್ಲ. ಬಾಗಿನ ಡಾಗಿ ಹಣ್ಣಿನ ರಸ ದಿನದಿಂದ ದಿನಕ್ಕೆ ಬೇರೆ, ಬಹಾರದಿಂದ ಬಹಾರಕ್ಕೆ ಬೇರೆ. ಅದನ್ನು ಯಾರು ಹಿಂಡಬೇಕು, ಎಲ್ಲಿ ಇಡಬೇಕು, ತೊಳೆಯಲು ನೀರು ಎಲ್ಲಿಂದ ತರಬೇಕು, ಒಂದು ಹಾಳೆಗೆ ಖರ್ಚೆಷ್ಟು ಎಂಬ ಲೆಕ್ಕ ಪ್ರಬಂಧಗಳಲ್ಲಿ ಸಿಗುವುದಿಲ್ಲ. ಆ ಲೆಕ್ಕ ತೆಗೆಯಬಲ್ಲವರು ನೀವು.

ಹೇಗೆ ಮಾಡುವುದು ಎಂದು ಹೇಳುತ್ತೇನೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಕೈಗಾರಿಕಾ ಸೂಕ್ಷ್ಮಜೀವಿಗಳ ರಾಷ್ಟ್ರೀಯ ಸಂಗ್ರಹವಿದೆ. ಎನ್‌ಸಿಐಎಂ 2526 ಎಂಬ ಸಂಖ್ಯೆಯ, ಇದೇ ಜೀವಿಯ ತಳಿ ಅಲ್ಲಿಯದು, ಹುಬ್ಬಳ್ಳಿಯವರೂ ಬಳಸಿದ್ದು. ನಿಮ್ಮ ವಿಭಾಗದ ಮೂಲಕ ಕೇಳಿ ತರಿಸಿ. ಕೊಳೆತ ಹಣ್ಣಿನಿಂದ ನೀವೇ ಜೀವಿ ಹಿಡಿಯಬೇಕೆಂಬ ಆಸೆ ಬರುತ್ತದೆ, ಬಂದರೆ ಒಳ್ಳೆಯದೇ, ಆದರೆ ಹಾಗೆ ಸಿಕ್ಕವುಗಳಲ್ಲಿ ರೋಗ ತರಬಲ್ಲ ಬಳಗದವೂ ಇರುತ್ತವೆ. ಹುಬ್ಬಳ್ಳಿಯಲ್ಲಿ ಸೇಬಿನಿಂದ ಸಿಕ್ಕದ್ದು ಎಂಟೆರೋಬ್ಯಾಕ್ಟರ್ ಕುಲದ್ದು. ಗುರುತು ಪಕ್ಕಾ ಆಗುವವರೆಗೆ ಅಂಥದ್ದನ್ನು ಪ್ರಯೋಗಾಲಯದ ಹೊರಗೆ ತರಬೇಡಿ. ಮೊದಲ ವರ್ಷ ಪುಣೆಯ ತಳಿಯೇ ಇರಲಿ.

ಹಣ್ಣು ಆರಿಸುವಾಗ ಬೂಷ್ಟು ಹಿಡಿದದ್ದು, ಒಳಗೆ ಕಪ್ಪಾದದ್ದು ಬೇಡ. ತೇಲ್ಯಾ ಕಲೆಯ ಹಣ್ಣನ್ನು ಬಾಗಿನಿಂದ ಬಾಗಿಗೆ ತಿರುಗಾಡಿಸಬೇಡಿ. ಮುಚ್ಚಿದ ಡಬ್ಬಿಯಲ್ಲಿ ತಂದು, ಸಿಪ್ಪೆಯನ್ನು ಕುದಿಸಿ ಅಥವಾ ಸುಟ್ಟು ಮುಗಿಸಿ. ಒಬ್ಬ ರೈತನ ಬೇನೆಯನ್ನು ಇನ್ನೊಬ್ಬನ ಹೊಲಕ್ಕೆ ಒಯ್ಯುವ ವಿಜ್ಞಾನ ನಮಗೆ ಬೇಡ.

ಇನ್ನೊಂದು ಮಾತು, ದಾಳಿಂಬೆಯ ಮಟ್ಟಿಗೆ ಇದೇ ಮುಖ್ಯ. ಕಾಳು ಬಿಡಿಸುವಾಗ ಹಳದಿ ಪೊರೆಯನ್ನೂ ಸಿಪ್ಪೆಯ ಬಿಳಿಭಾಗವನ್ನೂ ಎಚ್ಚರದಿಂದ ಬೇರೆ ಮಾಡಿ. ಇಡೀ ಹಣ್ಣನ್ನು ಮಿಕ್ಸರಿಗೆ ಹಾಕಿ ಹಿಂಡಿದರೆ ಕೆಲಸ ಸುಲಭ, ಆದರೆ ಸಿಪ್ಪೆಯ ತುಂಬ ಪ್ಯುನಿಕಾಲಜಿನ್ ಮುಂತಾದ ಟ್ಯಾನಿನ್‌ಗಳಿವೆ. ನಾಲಿಗೆಗೆ ಒಗರು ಅನಿಸುವುದು ಅವುಗಳಿಂದಲೇ. ಅವು ಬ್ಯಾಕ್ಟೀರಿಯಾಗಳನ್ನು ಹಿಮ್ಮೆಟ್ಟಿಸುತ್ತವೆ, ನಮಗೆ ಬೇಕಾದದ್ದನ್ನೂ ಬಿಡುವುದಿಲ್ಲ. ಅದೇ ಸಿಪ್ಪೆಗೆ ಬೇರೆ ಉಪಯೋಗ ಉಂಟು. ಬಟ್ಟೆಗೆ ಹಳದಿ ಬಣ್ಣ ಹಾಕಲು ನಮ್ಮ ದೇಶದ ರಂಗಾರಿಗಳು ದಾಳಿಂಬೆ ಸಿಪ್ಪೆಯನ್ನು ಹಿಂದಿನಿಂದಲೂ ಬಳಸಿದ್ದಾರೆ. ಸಿಪ್ಪೆ ಒಣಗಿಸಿ ಬೇರೆ ಇಟ್ಟುಕೊಳ್ಳಿ. ಹಾಳೆ ತಯಾರಾದ ಮೇಲೆ ಅದರ ಕಷಾಯದಲ್ಲಿ ಅದ್ದಿ ನೋಡಿ. ಬಣ್ಣ ಎಷ್ಟು ಹಿಡಿಯುತ್ತದೆ, ಬೂಷ್ಟು ಬರುವುದು ತಪ್ಪುತ್ತದೆಯೇ ಎಂಬ ಎರಡು ಪ್ರಶ್ನೆಗಳಲ್ಲೇ ಇನ್ನೊಬ್ಬ ವಿದ್ಯಾರ್ಥಿಯ ಪ್ರಾಜೆಕ್ಟ್ ಇದೆ.

ಹಿಂಡಿದ ರಸವನ್ನು ಸೋಸಿ, ಬ್ರಿಕ್ಸ್ ನೋಡಿ. ದ್ರಾಕ್ಷಿ ಪಡದ ಮನೆಗಳಲ್ಲಿ ಬ್ರಿಕ್ಸ್ ನೋಡುವ ರಿಫ್ರ್ಯಾಕ್ಟೋಮೀಟರ್ ಇರುತ್ತದೆ, ಕಾಕಾನನ್ನು ಕೇಳಿ ತನ್ನಿ. ದಾಳಿಂಬೆ ರಸ ಬಹಳ ಹುಳಿ, ಅದರ ಪಿಎಚ್ ಮೂರು, ಮೂರೂವರೆಯ ಸುತ್ತ. ಈ ಜೀವಿಗೆ ನಾಲ್ಕರಿಂದ ಆರರ ನಡುವೆ ಹಿತ. ಸ್ವಲ್ಪ ಕ್ಷಾರ ಹಾಕಿ ಸರಿ ಮಾಡಿ. ರಸದಲ್ಲಿ ಸಕ್ಕರೆ ಉಂಟು, ಸಾರಜನಕ ಸಾಲದು. ಕಾಲೇಜಿನಲ್ಲಿ ಪೆಪ್ಟೋನ್, ಯೀಸ್ಟ್ ಸಾರ ಹಾಕುತ್ತಾರೆ. 1954ರಲ್ಲಿ ಹೆಸ್ಟ್ರಿನ್ ಮತ್ತು ಶ್ರಾಮ್ ಗೊತ್ತುಮಾಡಿದ ಆಹಾರದಲ್ಲಿ ಲೀಟರಿಗೆ 20 ಗ್ರಾಂ ಗ್ಲುಕೋಸ್, 5 ಗ್ರಾಂ ಪೆಪ್ಟೋನ್, 5 ಗ್ರಾಂ ಯೀಸ್ಟ್ ಸಾರ, ಜೊತೆಗೆ ತುಸು ಫಾಸ್ಫೇಟ್, ಸಿಟ್ರಿಕ್ ಆಮ್ಲ. ಒಂದು ತಟ್ಟೆ ಆ ಆಹಾರದ್ದಿರಲಿ, ಹೋಲಿಸಿ ನೋಡಲು. ಉಳಿದವುಗಳಲ್ಲಿ ದಾಳಿಂಬೆ ರಸವೂ ಅಗ್ಗದ ಸಾರಜನಕವೂ ಇರಲಿ. ಅಮೋನಿಯಂ ಸಲ್ಫೇಟ್ ಒಂದು ದಾರಿ, ಶೇಂಗಾ ಹಿಂಡಿಯ ನೀರು ಇನ್ನೊಂದು. ಗೊಬ್ಬರದ ಚೀಲದ್ದು ಹಾಕಿದರೆ ಆ ಹಾಳೆ ತಿನ್ನಲು ಸಲ್ಲ, ಗಾಯಕ್ಕೂ ಸಲ್ಲ ಎಂಬುದು ನೆನಪಿರಲಿ.

ರಸ ಕುದಿಸಿ, ಆರಿಸಿ, ಅಗಲವಾದ ತಟ್ಟೆಗೆ ಒಂದೂವರೆ ಸೆಂಟಿಮೀಟರ್ ಎತ್ತರಕ್ಕೆ ಹೊಯ್ದು, ಮೊದಲೇ ಬೆಳೆಸಿಟ್ಟ ತಳಿಯ ಹೆಪ್ಪನ್ನು ಹತ್ತರಲ್ಲಿ ಒಂದು ಭಾಗದಷ್ಟು ಬೆರೆಸಿ, ಮೇಲೆ ಮಲ್ಲಿನ ಬಟ್ಟೆ ಕಟ್ಟಿ, ಅಲುಗಾಡದ ಕಡೆ ಇಡಿ. ಹೆಪ್ಪು ಹಾಕಿದ ಹಾಲನ್ನು ಅಲುಗಾಡಿಸಬಾರದೆಂದು ಅವ್ವ ಬೈಯುವಂತೆಯೇ ಇದಕ್ಕೂ ಕಟ್ಟುನಿಟ್ಟು. 28ರಿಂದ 30 ಡಿಗ್ರಿ ಉಷ್ಣ ಅದಕ್ಕೆ ಬೇಕು. ಎರಡು ಮೂರು ದಿನಕ್ಕೆ ಮೇಲ್ಮೈ ಮಂಕಾಗುತ್ತದೆ. ಓರೆಯಾಗಿ ಬೆಳಕಿಗೆ ಹಿಡಿದು ನೋಡಿದರೆ ಒಂದು ತೆಳು ಹೊದಿಕೆ ಕಾಣುತ್ತದೆ, ಮೂಗಿಗೆ ವಿನೆಗರಿನ ಹುಳಿ ವಾಸನೆ ಬರುತ್ತದೆ. ಹಸಿರು, ಕಪ್ಪು ಚುಕ್ಕೆ ಕಂಡರೆ ಬೂಷ್ಟು ಬಿದ್ದಿದೆ. ಕರುಣೆ ತೋರದೆ ಆ ತಟ್ಟೆ ಕುದಿಸಿ ಚೆಲ್ಲಿ. ಎಲ್ಲ ಸರಿ ಹೋದರೆ ಹತ್ತು ಹನ್ನೆರಡು ದಿನಕ್ಕೆ ಬೆರಳಿನಲ್ಲಿ ಎತ್ತಿದರೆ ತೂಗುವ, ಜಾರುವ, ತಿಳಿಗೆಂಪು ಹಾಳೆ ಸಿಗುತ್ತದೆ. ಅದರ ತೂಕದಲ್ಲಿ ನೂರಕ್ಕೆ 98ರಷ್ಟು ನೀರೇ. ತೆಳುವಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸತ್ತು ಕರಗುತ್ತದೆ, ಬಣ್ಣವೂ ಬಹುಪಾಲು ಹೋಗುತ್ತದೆ, ಹಾಳೆ ಬೆಳ್ಳಗೆ ತೇಲುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಕಾಸ್ಟಿಕ್ ಮುಟ್ಟಬೇಡಿ. ಆಮೇಲೆ ಕ್ಷಾರ ಹೋಗುವವರೆಗೆ ನೀರಿನಲ್ಲಿ ತೊಳೆದು, ಗಾಜಿನ ಮೇಲೆ ಹರಡಿ, ನೆರಳಲ್ಲಿ ಒಣಗಿಸಿ. ದಪ್ಪಗಿದ್ದದ್ದು ಕಾಗದದಷ್ಟು ತೆಳುವಾಗುತ್ತದೆ, ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ.

ಈಗ ಕಷ್ಟದ ಲೆಕ್ಕ. ಲೀಟರ್ ರಸಕ್ಕೆ ಒಣ ಸೆಲ್ಯುಲೋಸ್ ಸಿಗುವುದು ಸಾಮಾನ್ಯವಾಗಿ ಕೆಲವೇ ಗ್ರಾಂ. ಮೂರು ಗ್ರಾಂ ಎಂದು ಹಿಡಿಯೋಣ. 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ತಟ್ಟೆಯಲ್ಲಿ ಸುಮಾರು ಒಂದು ಲೀಟರ್ ಹಿಡಿಯುತ್ತದೆ. ಅದರಿಂದ ಬರುವುದು ನಿಮ್ಮ ಉತ್ತರಪತ್ರಿಕೆಯ ಹಾಳೆಗಿಂತ ತುಸು ಹಗುರವಾದ ಒಂದೇ ಹಾಳೆ. ಒಂದು ಕಿಲೋ ಬೇಕೆಂದರೆ 330 ಲೀಟರಿಗೂ ಹೆಚ್ಚು ರಸ ಬೇಕು. ಆದ್ದರಿಂದ ಇದು ಹತ್ತಿಗೆ ಬದಲಿ, ಇದರಿಂದ ಸೀರೆ ನೇಯಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನೀವೂ ಹಾಗೆ ಹೇಳಬೇಡಿ. ಹಗುರವಾದ, ಬೆಲೆಯುಳ್ಳ ವಸ್ತುವಿಗೆ ಮಾತ್ರ ಇದು ಒಗ್ಗುತ್ತದೆ. ಮುಖಕ್ಕೆ ಹಾಕುವ ತೇವದ ಹಾಳೆಗಳಿಗೆ ಇದನ್ನು ಈಗಾಗಲೇ ಬಳಸುತ್ತಾರೆ. ಹಳೆಯ ಕಾಗದಪತ್ರಗಳಿಗೆ ತೇಪೆ ಹಾಕಲು, ಕಾಗದದ ಬಲ ಹೆಚ್ಚಿಸಲು ಇದು ಒದಗುತ್ತದೆಯೇ ಎಂಬ ಸಂಶೋಧನೆಗಳು ನಡೆದಿವೆ. ಗಾಯದ ಪಟ್ಟಿ ದೊಡ್ಡ ಗುರಿ, ಆದರೆ ಅದಕ್ಕೆ ಪರವಾನಗಿ, ಶುದ್ಧತೆ, ಆಸ್ಪತ್ರೆಯ ಪರೀಕ್ಷೆಗಳ ದೊಡ್ಡ ದಾರಿ ಇದೆ. ನಿಮ್ಮ ಮೊದಲ ಗುರಿ ಚರ್ಮದಂಥ ಹಾಳೆ, ನಾರು ಸೇರಿಸಿದ ಹಾಳೆ ಆಗಬೇಕೆಂಬುದು ನನ್ನ ಅಭಿಪ್ರಾಯ.

ಏಕೆಂದರೆ ನೀವಿರುವುದು ಸೊಲ್ಲಾಪುರದಲ್ಲಿ. 1877ರಲ್ಲಿ ಹಳೆ ಗಿರಣಿ ಶುರುವಾದಂದಿನಿಂದ ಈ ಊರು ಎಳೆ, ಬಟ್ಟೆಗಳ ಊರು. ಗಿರಣಿಗಳು ಮುಚ್ಚಿದವು, ಅವುಗಳ ಭೋಂಗಾ ಎಂಬ ಸೈರನ್ ನಿಂತಿತು, ಕೈಕಸುಬು ಹೋಗಲಿಲ್ಲ. ಪೂರ್ವ ಭಾಗದ ಪದ್ಮಶಾಲಿ ಓಣಿಗಳಲ್ಲಿ ತೆಲುಗು ಮಾತಾಡುವ ನೇಕಾರರು ಇಂದಿಗೂ ಚಾದರ, ಟವೆಲ್ ನೇಯುತ್ತಾರೆ. ಅವರ ಚಾದರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಮಗ್ಗದಡಿ ಬೀಳುವ ಹತ್ತಿಯ ತುಂಡೆಳೆ, ಜೂಲು ಎಷ್ಟಿರುತ್ತದೆ ನೋಡಿ. ಅದನ್ನು ತಟ್ಟೆಯ ರಸದಲ್ಲಿ ಹರಡಿದರೆ ಬ್ಯಾಕ್ಟೀರಿಯಾ ತನ್ನ ಎಳೆಗಳನ್ನು ಅದರ ಸುತ್ತ ಹೆಣೆಯುತ್ತದೆಯೇ? ಸಡಿಲವಾಗಿ ನೇಯ್ದ ಬಟ್ಟೆಯ ತುಂಡನ್ನೇ ತೇಲಿಬಿಟ್ಟರೆ? ಎರಡೂ ಸೆಲ್ಯುಲೋಸೇ ಆದ್ದರಿಂದ ಒಂದಕ್ಕೊಂದು ಚೆನ್ನಾಗಿ ಹತ್ತುತ್ತವೆ ಎಂದು ಎಣಿಸಲು ಕಾರಣವಿದೆ. ಬಾಗಿನ ಡಾಗಿ ಹಣ್ಣೂ ಮಗ್ಗದ ಜೂಲೂ ಸೇರಿ ಆಗುವ ಹಾಳೆ ಬೇರೆ ಎಲ್ಲಿಯದೂ ಆಗಿರುವುದಿಲ್ಲ, ಸೊಲ್ಲಾಪುರದ್ದೇ ಆಗಿರುತ್ತದೆ. ಒಣಗಿದ ಹಾಳೆ ಬಿರುಸಾಗುತ್ತದೆ, ತೇವ ಕುಡಿಯುತ್ತದೆ. ಅದಕ್ಕೆ ಗ್ಲಿಸರಿನ್, ಮೇಣ ಹಚ್ಚಿ ನೋಡಬೇಕು. ಯಾವುದು ಎಷ್ಟು ಎಂದು ಕಂಡುಹಿಡಿಯಲು ನೇಕಾರನ ಕಣ್ಣು ಬೇಕು. ನೇರವಾಗಿ ಹೋಗಿ ಕೇಳಿ, ಬಟ್ಟೆ ಮುಟ್ಟಿ ನೋಡಿ ಹೇಳಬಲ್ಲವರು ಅಲ್ಲಿ ಓಣಿಗೊಬ್ಬರು ಸಿಗುತ್ತಾರೆ.

ನೀರಿನ ಮಾತನ್ನು ಮರೆತು ಈ ಪತ್ರ ಮುಗಿಸಲಾರೆ. ಸೊಲ್ಲಾಪುರ ಉಜನಿಯ ನೀರಿಗೆ ಕಾಯುವ ಊರು. ಅಕ್ಕಲಕೋಟ ಕುರನೂರಿನ ಬೋರಿ ಅಣೆಕಟ್ಟಿನ ಮಟ್ಟ ನೋಡಿ ಬೇಸಿಗೆ ಎಣಿಸುವ ಊರು. ಹಾಳೆ ತೊಳೆಯಲು ನೀರು ಬೇಕು, ಕಾಸ್ಟಿಕ್ ಬೆರೆತ ನೀರನ್ನು ಹೊಲಕ್ಕೆ ಬಿಡುವಂತಿಲ್ಲ. ತೊಳೆದ ನೀರನ್ನು ಹಾಳೆ ಬೆಳೆದ ಮೇಲೆ ಉಳಿಯುವ ಹುಳಿ ರಸದಿಂದಲೇ ತಟಸ್ಥ ಮಾಡಬಹುದೇ? ಒಮ್ಮೆ ತೊಳೆದ ನೀರಿನಲ್ಲಿ ಮುಂದಿನ ಹಾಳೆಯ ಮೊದಲ ತೊಳೆತ ಆಗುತ್ತದೆಯೇ? ಹಾಳೆಗೆ ಎಷ್ಟು ಲೀಟರ್ ನೀರು ಹೋಯಿತು ಎಂಬುದನ್ನು ಹಾಳೆಯ ತೂಕದ ಪಕ್ಕದಲ್ಲೇ ಬರೆಯಿರಿ. ಈ ಅಂಕಿ ಇಲ್ಲದ ಯಾವ ಪ್ರಾಜೆಕ್ಟೂ ಈ ನೆಲಕ್ಕೆ ಸಲ್ಲದು. ಬಿಸಿಲೂ ಹಾಗೆಯೇ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕೋಣೆಯಲ್ಲಿ ಈ ಜೀವಿ ಕೆಲಸ ಮಾಡುವುದಿಲ್ಲ. ಮೃಗ ಬಹಾರದ ಹಣ್ಣು ನವೆಂಬರಿನಿಂದ ಜನವರಿಯವರೆಗೆ ಬರುತ್ತದೆ, ಡಾಗಿ ಮಾಲೂ ಆಗಲೇ ಹೆಚ್ಚು, ಹಗಲೂ ಹಿತವಾಗಿರುತ್ತದೆ. ರಾತ್ರಿಯ ಚಳಿಗೆ ಗೋಣಿ ಹೊದಿಸಿದರೆ ಆಯಿತು. ಬೇಸಿಗೆಯಲ್ಲಿ ಹಾಳೆಗೆ ಬಣ್ಣ ಹಾಕುವ, ಎಳೆದು ಬಲ ನೋಡುವ, ಲೆಕ್ಕ ಬರೆಯುವ ಕೆಲಸ ಇಟ್ಟುಕೊಳ್ಳಿ.

ಅಕ್ಕಲಕೋಟದಲ್ಲಿ ಓದುವವರಿಗೆ ಇನ್ನೊಂದು ದಾರಿಯೂ ಉಂಟು. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಜನ ಎಷ್ಟೆಂದು ನೀವು ದಿನಾ ನೋಡುತ್ತೀರಿ. ಗಾಣಗಾಪುರಕ್ಕೆ ಹೋಗುವ ಹಲವರೂ ಇಲ್ಲಿ ಇಳಿದು ಹೋಗುತ್ತಾರೆ. ಜಾತ್ರೆಯ ಊರಿನಲ್ಲಿ ಒಡೆದ ತೆಂಗಿನಕಾಯಿಯ ನೀರು ಚರಂಡಿ ಸೇರುತ್ತದೆ, ಬಾಳೆಹಣ್ಣು ರಾಶಿಯಲ್ಲಿ ಕರಗುತ್ತದೆ. ಫಿಲಿಪೀನ್ಸಿನವರು ಯಾವ ನೀರಿನಿಂದ ಒಂದು ಉದ್ಯಮವನ್ನೇ ಕಟ್ಟಿದರೋ ಅದೇ ನೀರು ಇದು. ದೇವರಿಗೆ ಅರ್ಪಿಸಿದ್ದು ಚರಂಡಿ ಸೇರದೆ ಒಳ್ಳೆಯ ಕೆಲಸಕ್ಕೆ ಬಂದರೆ ಯಾವ ಭಕ್ತರೂ ಬೇಡ ಎನ್ನಲಾರರು, ಆದರೂ ಅಲ್ಲಿಯ ಹಿರಿಯರನ್ನು ಮೊದಲು ಕೇಳಿ, ಒಪ್ಪಿಗೆ ಪಡೆದು, ಶುದ್ಧವಾಗಿ ಸಂಗ್ರಹಿಸುವ ವ್ಯವಸ್ಥೆ ಮಾಡಿಯೇ ಮುಂದುವರಿಯಿರಿ.

ಬ್ಯಾಕ್ಟೀರಿಯಾ ಕೊಡುವುದು ಸೆಲ್ಯುಲೋಸ್ ಒಂದನ್ನೇ ಅಲ್ಲ. 1926ರಲ್ಲಿ ಫ್ರಾನ್ಸಿನ ಮೊರಿಸ್ ಲೆಮ್ವಾನ್ಯ ಅವರು ಒಂದು ಬ್ಯಾಸಿಲಸ್ ತನ್ನ ಒಡಲಿನಲ್ಲಿ ಕೊಬ್ಬಿನಂತೆ ಕೂಡಿಡುವ ಪಿಎಚ್‌ಬಿ ಎಂಬ ಪದಾರ್ಥವನ್ನು ಗುರುತಿಸಿದರು. ಮಣ್ಣಿನಲ್ಲಿ ಕರಗಿಹೋಗುವ ಪ್ಲಾಸ್ಟಿಕ್ ಅದು. ಹಣ್ಣಿನ ಉಳಿಕೆಯಿಂದ ಅದನ್ನೂ ಬೆಳೆಸಬಹುದು, ಆದರೆ ಜೀವಕೋಶ ಒಡೆದು ತೆಗೆಯಲು ದ್ರಾವಕ, ಯಂತ್ರ, ಬಂಡವಾಳ ಬೇಕು. ತಟ್ಟೆಯಲ್ಲಿ ತಾನೇ ತೇಲಿ ಬರುವ ಹಾಳೆಯಿಂದ ಶುರುಮಾಡಿ ಎಂದು ನಾನು ಹೇಳುವುದು ಇದಕ್ಕೇ.

ಕೊನೆಯದಾಗಿ ಭಾಷೆಯ ವಿಷಯ. ನಿಮ್ಮ ಪ್ರಾಜೆಕ್ಟ್ ವರದಿ ಇಂಗ್ಲಿಷಿನಲ್ಲಿ ಹೋಗಬೇಕು, ಹೋಗಲಿ. ಅದರ ಜೊತೆ ನಾಲ್ಕು ಪುಟ ಕನ್ನಡದಲ್ಲೂ ನಾಲ್ಕು ಪುಟ ಮರಾಠಿಯಲ್ಲೂ ಬರೆಯಿರಿ, ಬಾಗ್ ಇರುವ ಅಪ್ಪ, ಕಾಕಾ, ಮಗ್ಗದ ಮನೆಯವರು ಓದುವಂತೆ. ಕೆರೆ ತೋಡಿಸಿದ ಕನ್ನಡ ವಚನಕಾರ ಸಿದ್ಧರಾಮರ ಊರಿದು. 1912ರಲ್ಲಿ ಇದೇ ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ಅವರು ಕನ್ನಡದಲ್ಲಿ ಬರೆದು, 1974ರ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಆ ಪೀಠ ಏರಿದ ಮೊದಲ ಮಹಿಳೆ ಎನಿಸಿದರು. ಈ ನೆಲದಲ್ಲಿ ಕನ್ನಡ ಬರೆಯುವುದು ಹೊಸತಲ್ಲ. ವಿಜ್ಞಾನದ ಕನ್ನಡ ಬರಹ ಮಾತ್ರ ಕಡಿಮೆ, ಆ ಕೊರತೆಯನ್ನು ನೀವು ತುಂಬಿಸಿ. ಯಾವ ತಟ್ಟೆಯಲ್ಲಿ ಬೂಷ್ಟು ಬಿತ್ತು, ಯಾವ ಬಾಗಿನ ರಸಕ್ಕೆ ಹಾಳೆ ಕಟ್ಟಲೇ ಇಲ್ಲ ಎಂಬುದನ್ನೂ ಮುಚ್ಚಿಡದೆ ಬರೆಯಿರಿ, ಮುಂದಿನ ವರ್ಷದವರು ಅಲ್ಲಿಂದ ಶುರುಮಾಡುತ್ತಾರೆ.

ಈ ಬಾರಿ ಕಾಲೇಜು ತೆರೆದ ವಾರದಲ್ಲೇ ವಿಭಾಗದ ಮುಖ್ಯಸ್ಥರನ್ನು ಕಂಡು ವಿಷಯ ಗೊತ್ತುಮಾಡಿಕೊಳ್ಳಿ. ಪುಣೆಗೆ ತಳಿಗಾಗಿ ಪತ್ರ ಆಗಸ್ಟಿನಲ್ಲೇ ಹೋಗಲಿ. ಕೇಗಾವದ ಕೇಂದ್ರಕ್ಕೂ ಒಂದು ದಿನ ಹೋಗಿ ಬನ್ನಿ, ಹಣ್ಣಿನ ಬೇನೆಗಳ ಬಗ್ಗೆ ಅಲ್ಲಿಯವರಷ್ಟು ಬಲ್ಲವರು ಬೇರೆ ಇಲ್ಲ. ದೀಪಾವಳಿ ರಜೆಗೆ ಊರಿಗೆ ಹೋದಾಗ ಬಾಗಿನ ಕೊನೆಯ ಸಾಲಿನ ಡಾಗಿ ಹಣ್ಣನ್ನು ಈ ಸಲ ಹುಗಿಯಬೇಡಿ, ನಮಗೆ ಬೇಕು ಎಂದು ಮನೆಯವರಿಗೆ ಹೇಳಿಡಿ.

ನಿಮ್ಮ ಹಿತೈಷಿ,
ಭೀಮೆಯ ಈಚೆ ದಂಡೆಯಿಂದ